ನುಣ್ಣಗಾದ ಗುಡ್ಡ

ಕೊನೆಯ ಗುಂಡಿ ಕೂಡಿಕೊಳ್ಳಲಿಲ್ಲ. ಅವಳು ಎರಡೂ ಕೈಯಿಂದ ಕಾಲರು ಎಳೆದು, ಮೊಣಕಾಲನ್ನು ಮಂಚದ ಅಂಚಿಗೆ ಕೊಟ್ಟು ನೋಡಿದಳು. ಗಂಡನ ಕುತ್ತಿಗೆ ಬದುಕಿದ್ದಾಗ ಎಷ್ಟು ಬಗ್ಗುತ್ತಿತ್ತೋ ಈಗಲೂ ಅಷ್ಟೇ ಬಗ್ಗಿತು.

"ಬಿಡಿ ಅತ್ತಿಗೆ, ಹೂವಿನ ಕೆಳಗೆ ಕಾಣಲ್ಲ," ಎಂದ ಮೈದುನ.

"ಕಾಣತ್ತೆ. ಇವತ್ತು ಎಲ್ಲರೂ ಅವರನ್ನೇ ನೋಡೋಕೆ ಬರೋದು. ಅವರಿಗೆ ಬೇಕಾಗಿದ್ದೂ ಅದೇ ಅಲ್ವಾ."

ಬೋಟಿನವರ ಸಂಘ ಸನ್ಮಾನ ಮಾಡಿದಾಗ ಹೊಲಿಸಿದ ಅಂಗಿ ಅದು. ಆಮೇಲೆ ಕುತ್ತಿಗೆ ಬೆಳೆಯಿತು, ಅಂಗಿ ಬೆಳೆಯಲಿಲ್ಲ. ಅವಳು ಕತ್ತರಿ ತಂದು ಅಂಗಿಯ ಬೆನ್ನನ್ನು ಮೇಲಿನಿಂದ ಸೀಳಿ, ಮುಂದೆ ಗುಂಡಿ ಹಾಕಿದಳು. ಎದುರಿನಿಂದ ನೋಡಿದರೆ ಮದುಮಗನ ಹಾಗೆ ಅಚ್ಚುಕಟ್ಟು.

ಹೊರಗಿನ ಕೋಣೆಯಲ್ಲಿ ಆಗಲೇ ಕತೆ ಶುರುವಾಗಿತ್ತು. ಹೇಳುತ್ತಿದ್ದವರು ಬೋಟಿನ ಮಾಲೀಕರು, ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಕೂತು.

"ನೀರೊಳಗೆ ಗುಡ್ಡ ಇದೆ ಅಂತ ಯಾರಿಗಪ್ಪಾ ಗೊತ್ತಿತ್ತು? ಸಮುದ್ರದ ತಳದಿಂದ ಎದ್ದು ನಿಂತಿದೆ, ಆದ್ರೆ ಮೇಲಿಂದ ನೋಡಿದ್ರೆ ಬರೀ ನೀರು. ನಮ್ಮ ಕ್ಯಾಪ್ಟನ್ ಮೀನು ಹುಡುಕೋ ಯಂತ್ರದ ಪರದೆ ಮೇಲೆ ಕಣ್ಣಿಟ್ಟು ಕೂತಿದ್ದ. ನೋಡ್ತಾನೆ, ಗುಡ್ಡದ ನೆತ್ತಿ ಮೇಲೆ ಮೀನು ಮೋಡದ ಹಾಗೆ ಕವಿದಿದೆ. ಅಂಥ ಕಣ್ಣು ಇನ್ನು ಹುಟ್ಟಲ್ಲ."

ಸತ್ತೆಮ್ಮೆಗೆ ಹತ್ತು ಸೇರು ಹಾಲು, ಅಂದುಕೊಂಡಳು ಅವಳು. ಎಮ್ಮೆಯಾದರೂ ಬದುಕಿದ್ದಾಗ ಒಂದಿಷ್ಟು ಕೊಟ್ಟಿರುತ್ತದೆ. ಅವತ್ತು ಪರದೆಯ ಮುಂದೆ ಕೂತಿದ್ದವನು ಮೈದುನ. ಅಂಥ ಕಣ್ಣು ಆಗ ಗೊರಕೆ ಹೊಡೆಯುತ್ತಾ ಮುಚ್ಚಿತ್ತು. ಅಣ್ಣನನ್ನು ಎಬ್ಬಿಸುವಷ್ಟರಲ್ಲಿ ತಮ್ಮನಿಗೆ ಸಾಕುಸಾಕಾಗಿತ್ತು. ಹಾಗಂತ ಇದೇ ಮೈದುನ ಒಮ್ಮೆ ಅವಳ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದ್ದ. ಈಗ ನೋಡಿದರೆ ಮಾಲೀಕರ ಪಕ್ಕದಲ್ಲಿ ನಿಂತು, ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

"ಅತ್ತಿಗೆ," ಎಂದ ಅವನು ಅವಳ ಹತ್ತಿರ ಬಂದು, "ಅಣ್ಣನ ಬೂದಿ ಆ ಗುಡ್ಡದ ಮೇಲೇ ಬಿಡೋಣ ಅಂತ ಮಾಲೀಕರು ಹೇಳ್ತಿದಾರೆ. ಬೋಟು ಅವರೇ ಕೊಡ್ತಾರೆ. ಪತ್ರಿಕೆಯವರೂ ಬರ್ತಾರಂತೆ."

"ಯಾರನ್ನ ನೋಡೋಕೆ?"

ಮೈದುನ ಮಾಲೀಕರ ಕುರ್ಚಿಯ ಕಡೆ ತಿರುಗಿ ನೋಡಿದ. ಅಣ್ಣ ಹೇಳಿಕೊಡದೆ ಅವನಿಗೆ ಯಾವತ್ತೂ ಏನೂ ಹೊಳೆದಿರಲಿಲ್ಲ.

*

ಆ ಗುಡ್ಡದಿಂದ ಮೊದಲ ಬಲೆ ಬಂದ ದಿನ ಅವಳು ಬೋಟು ನಿಲ್ಲುವ ಧಕ್ಕೆಯ ಶೆಡ್ಡಿನಲ್ಲಿ ಮೀನು ಸೀಳುವ ಸಾಲಿನಲ್ಲಿದ್ದಳು. ಮಗಳು ಹೊಟ್ಟೆಯಲ್ಲಿದ್ದಳು. ಕೆಂಪನೆಯ, ದಪ್ಪ ತಲೆಯ ಮೀನು ಹೆಂಗಸರ ಸೊಂಟದವರೆಗೂ ರಾಶಿ ಬಿತ್ತು. ಯಾವುದನ್ನು ಸೀಳಿದರೂ ಒಳಗೆ ಮೊಟ್ಟೆ. ಮೊಟ್ಟೆಯಿಡಲೆಂದೇ ಎಲ್ಲೆಲ್ಲಿಂದಲೋ ಬಂದು ಆ ಗುಡ್ಡದ ಮೇಲೆ ನೆರೆದಿದ್ದವಂತೆ. ಮೇಜಿನ ಮೇಲೆ ತುಂಬಿದ ಹೊಟ್ಟೆಗಳು, ಈಚೆ ತುಂಬಿದ ಹೊಟ್ಟೆಯವಳು ನಿಂತು ಸಂಜೆವರೆಗೂ ಸೀಳಿದಳು.

ಮೀನಿನ ಜೊತೆ ಬೇರೆಯದೂ ಬಂದಿತ್ತು. ಆಳೆತ್ತರದ ಹವಳದ ಮರ, ಬುಡಸಮೇತ. ಬುಟ್ಟಿಯಂಥ ಸ್ಪಂಜುಗಳು. ಕೊಂಬೆಗಳಿಗೆ ಬಳ್ಳಿಯಂಥ ತೆಳ್ಳನೆಯ ಕೈಗಳನ್ನು ಸುತ್ತಿಕೊಂಡ ನಕ್ಷತ್ರಮೀನುಗಳು. ಮರ ಮುರಿದು, ಬಲೆಯಲ್ಲಿ ಉರುಳಿ, ಅಷ್ಟು ದೂರ ಬಂದರೂ ಅವು ಹಿಡಿತ ಬಿಟ್ಟಿರಲಿಲ್ಲ. ಒಂದನ್ನು ಬಿಡಿಸಲು ಹೋದಳು. ಕೈ ತುಂಡಾಗಿ ಬಂತೇ ಹೊರತು ನಕ್ಷತ್ರ ಬರಲಿಲ್ಲ.

"ಇದೇನ್ರೀ ಇದೆಲ್ಲ?"

"ಕಸ," ಎಂದ ಗಂಡ. "ಗುಡ್ಡದ ತುಂಬ ಇದೇ. ಬಲೆಗೆ ಸಿಕ್ಕಿಕೊಂಡು ಪ್ರಾಣ ತಿನ್ನತ್ತೆ. ಬಲೆ ಬುಡಕ್ಕೆ ಸರಪಳಿ ಹಾಕಿ ನಾಲ್ಕು ಸಲ ಎಳೆದ್ರೆ ನುಣ್ಣಗಾಗತ್ತೆ ಬಿಡು." ಎಂದವನೇ ಸಲಿಕೆ ತರಿಸಿ ಎಲ್ಲವನ್ನೂ ನೀರಿಗೆ ತಳ್ಳಿಸಿದ.

ಸಂಶೋಧನಾ ಕೇಂದ್ರದಿಂದ ಒಬ್ಬ ಮೇಡಂ ಆಗ ತಾನೇ ಕೆಲಸಕ್ಕೆ ಸೇರಿ, ಧಕ್ಕೆಗೆ ಬಂದು ಹೋಗಿ ಮಾಡುತ್ತಿದ್ದಳು. ಮೀನಿನ ಕಿವಿಯೊಳಗಿನ ಸಣ್ಣ ಕಲ್ಲು ಕೊಯ್ದು, ಅದರ ಉಂಗುರ ನೋಡಿ ವಯಸ್ಸು ಹೇಳುವುದು ಅವಳ ವಿದ್ಯೆ. ಒಂದು ದಿನ ಬಂದು, "ಕ್ಯಾಪ್ಟನ್, ಈ ಮೀನು ನಿಮ್ಮ ಅಜ್ಜಿಗಿಂತ ಹಳೇದು," ಎಂದಳು. "ಆ ಹವಳ ಅದಕ್ಕಿಂತಲೂ ಹಳೇದು. ಒಂದು ಸಲ ಹೋದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ."

"ಹಾಗಾದ್ರೆ ಸಾಯೋ ವಯಸ್ಸೇ ಬಿಡಿ ಮೇಡಂ," ಎಂದ ಗಂಡ. ಧಕ್ಕೆಗೆ ಧಕ್ಕೆಯೇ ನಕ್ಕಿತು. ಮೀನು ಸೀಳುತ್ತಿದ್ದ ಅವಳೂ ನಕ್ಕಿದ್ದಳು. ಗಂಡನ ಮಾತಿಗೆ ನಗಬೇಕಾದ ಕಾಲ ಅದು.

ಮಗಳು ಶಾಲೆಗೆ ಹೋಗುವ ಹೊತ್ತಿಗೆ ಗುಡ್ಡ ಬರಿದಾಗಿತ್ತು. ಗಂಡ ಮೊದಲು ಹವೆಯನ್ನು ಬೈದ. ಆಮೇಲೆ ಬೇರೆ ಬೋಟಿನವರನ್ನು. ಕೊನೆಗೆ, ಆ ಮೇಡಂ ನೀರಿಗೆ ದೀಪ ಬಿಟ್ಟು ಮೀನು ಹೆದರಿಸಿದಳು ಅಂದ. ಸಮುದ್ರ ಕೈಬಿಟ್ಟ ಮೇಲೆ ಬಾಯಿ ಕೈಹಿಡಿಯಿತು. ಯಾರದೇ ಮದುವೆಯಿರಲಿ, ಸಾವಿರಲಿ, ಗುಡ್ಡದ ಕತೆ ಆಗದೆ ಊಟಕ್ಕೆ ಏಳುವಂತಿರಲಿಲ್ಲ. ಹೇಳಿದ ಹಾಗೆಲ್ಲ ಗುಡ್ಡ ಎತ್ತರವಾಯಿತು, ಮೀನು ಉದ್ದವಾಯಿತು. ತಮ್ಮ ಮಾತ್ರ ಕತೆಯಿಂದ ಇಳಿದುಹೋದ.

*

ಚಿತಾಗಾರದ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ತಿರುಗದೆ ನಿಂತ ಒಂದು ಫ್ಯಾನು. ಬೂದಿ ಕೈಗೆ ಬರಲು ಸಂಜೆಯಾಗುತ್ತದೆ ಎಂದಿದ್ದರು. ಮಾಲೀಕರು ಫೋನಿನಲ್ಲಿ ಬೋಟಿಗೆ ಡೀಸೆಲ್ ತುಂಬಿಸುತ್ತಿದ್ದರು. ಮಗಳು ಅಮ್ಮನ ಪಕ್ಕದಲ್ಲಿ ಕೂತು ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದಳು.

ಆಗ ಆ ಮೇಡಂ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾಕೆ ಬಂದ್ರಿ?" ಎಂದಳು ಅವಳು. ಒರಟಾಗಿ ಕೇಳಬೇಕೆಂದಿರಲಿಲ್ಲ, ಕೇಳಿಯಾಗಿತ್ತು.

"ಹೋದ ವರ್ಷ ಅವರು ನಮ್ಮ ಹಡಗಿಗೆ ಬಂದಿದ್ರು. ನಿಮಗೆ ಹೇಳಿಲ್ವಾ?"

"ಅವರು ನನಗೆ ಹೇಳಿದ್ದು ಒಂದೇ ಕತೆ."

ಮೇಡಂ ಕುರ್ಚಿ ಎಳೆದುಕೊಂಡು ಕೂತಳು. ಗುಡ್ಡಕ್ಕೆ ಕ್ಯಾಮೆರಾ ಇಳಿಸುವುದಿತ್ತು. ಜಾಗ ಸರಿಯಾಗಿ ಗೊತ್ತಿದ್ದವರು ಕ್ಯಾಪ್ಟನ್ ಒಬ್ಬರೇ, ಎಂದಳು. ಬಂದು, ಗತ್ತಿನಿಂದ ತೋರಿಸಿಕೊಟ್ಟರು. ಕ್ಯಾಮೆರಾ ಇಳಿಯಿತು.

"ಏನಿತ್ತು?" ಎಂದಳು ಮಗಳು.

"ಬಂಡೆ. ಬಂಡೆ ಮೇಲೆ ಸರಪಳಿ ಎಳೆದ ಗೀರು, ನಿನ್ನೆ ಎಳೆದ ಹಾಗೆ. ಮರಗಳಿದ್ದ ಕಡೆ ಬುಡದ ಕಲೆ. ಅಷ್ಟೇ."

"ದೂರದ ಬೆಟ್ಟ ನುಣ್ಣಗೆ ಅಂತಾರೆ," ಎಂದಳು ಅವಳು. "ನಮ್ಮವರು ಹತ್ತಿರ ಹೋಗಿ ನುಣ್ಣಗೆ ಮಾಡಿ ಬಂದ್ರು. ಆ ಬಂಡೆ ನೋಡಿ ಅವರೇನಂದ್ರು?"

"ಜಾಗ ತಪ್ಪಿದೀರಿ, ಇದು ನನ್ನ ಗುಡ್ಡ ಅಲ್ಲ ಅಂದ್ರು. ನೀವೇ ತೋರಿಸಿದ್ದಲ್ವಾ ಅಂದೆ. ನಿಮ್ಮ ಯಂತ್ರ ಸುಳ್ಳು ಅಂದ್ರು. ಅಷ್ಟರಲ್ಲಿ ಒಂದು ಹರಿದ ಬಲೆ ಕಾಣಿಸ್ತು, ಬಂಡೆಗೆ ಸಿಕ್ಕಿಕೊಂಡಿತ್ತು. ಹಸಿರು ಬಲೆ. ಒಂದು ಮೂಲೆಗೆ ಮಾತ್ರ ನೀಲಿ ದಾರದಲ್ಲಿ ತೇಪೆ ಹಾಕಿದ್ರು."

"ಹಸಿರು ದಾರ ಮುಗಿದಿತ್ತು," ಎಂದಳು ಅವಳು. "ಮಗುವನ್ನ ಕಾಲ ಮೇಲೆ ಮಲಗಿಸಿಕೊಂಡು ಹೊಲಿದಿದ್ದೆ. ಹೆಂಗಸರ ಸೀರೆ ಮಾಡಿದ್ಯಾ ಬಲೇನ ಅಂತ ಎಲ್ಲರೆದುರಿಗೆ ಬೈದಿದ್ರು. ಅದನ್ನ ನೋಡಿ ಏನಂದ್ರು?"

ಮೇಡಂ ತಡವರಿಸಿದಳು. "ಯಾರದೋ ಬಲೆ ಅಂದ್ರು."

ಅಳು ಬರಬಹುದೆಂದು ಅವಳು ಸ್ವಲ್ಪ ಹೊತ್ತು ಕಾದಳು. ಬಂದದ್ದು ಅಳುವಲ್ಲ. ಬಾಯಿಯ ತುಂಬ ಏನೋ ಕಹಿ ತುಂಬಿದಂತಾಯಿತು. ಮೀನು ಸೀಳುವಾಗ ಪಿತ್ತದ ಚೀಲ ಒಡೆದು ತುಟಿಗೆ ಸಿಡಿಯುತ್ತಿದ್ದಾಗಿನ ಹಾಗೆ. ಅಷ್ಟು ವರ್ಷ ಒಂದೇ ತಟ್ಟೆಯ ಎದುರುಬದುರು ಕೂತ ಗಂಡಸು. ಒಂದು ಮಾತಿನಲ್ಲಿ ತನ್ನ ಗುಡ್ಡವನ್ನು ಬಿಟ್ಟುಕೊಟ್ಟ, ಇನ್ನೊಂದು ಮಾತಿನಲ್ಲಿ ಬಲೆ ಹೊಲಿದ ಅವಳ ಕೈಯನ್ನು.

"ಅಲ್ಲಿ ಈಗ ಏನೂ ಇಲ್ವಾ?" ಎಂದಳು ಮಗಳು.

"ಆ ನೀಲಿ ತೇಪೆ ಮೇಲೆ ಒಂದು ಏಡಿ ಕೂತಿತ್ತು," ಎಂದಳು ಮೇಡಂ. "ಸಣ್ಣದು."

ಬೂದಿಯ ಡಬ್ಬಿ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ಮಾಲೀಕರು ಎರಡೂ ಕೈ ಮುಂದೆ ಚಾಚಿದರು. "ಕೊಡಿ ಅಕ್ಕ. ಬೆಳಿಗ್ಗೆ ಬೋಟು ಹೊರಡತ್ತೆ. ಕ್ಯಾಪ್ಟನ್ ಅವರ ಗುಡ್ಡಕ್ಕೆ ಅವರನ್ನ ಮುಟ್ಟಿಸೋದು ನಮ್ಮ ಭಾಗ್ಯ."

ಅವಳು ಡಬ್ಬಿಯನ್ನು ಮಗಳ ಕೈಗೆ ದಾಟಿಸಿದಳು.

"ಆ ಗುಡ್ಡ ಅವರದ್ದಲ್ಲವಂತೆ," ಎಂದಳು. "ಅವರೇ ಹೇಳಿದಾರೆ, ಮೇಡಂ ಸಾಕ್ಷಿ. ಬೇರೆಯವರ ಜಾಗದಲ್ಲಿ ಯಾಕೆ ಸುರಿಯೋದು?"

"ಅತ್ತಿಗೆ, ಇದೇನು ಮಾತು. ಅಣ್ಣನ ಆಸೆ..."

"ಅವತ್ತು ಪರದೆ ಮುಂದೆ ಯಾರಿದ್ರು? ಮಾಲೀಕರ ಎದುರಿಗೆ ಈಗ ಹೇಳು. ಆಮೇಲೆ ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗು."

ಮಾಲೀಕರು ಮೈದುನನ ಕಡೆ ತಿರುಗಿದರು. ಮೈದುನ ಬಾಯಿ ತೆರೆದ. ತೆರೆದ ಬಾಯಿಯಲ್ಲೇ ಅಣ್ಣನ ಡಬ್ಬಿಯನ್ನು ನೋಡಿದ. "ಅಣ್ಣನೇ ಇದ್ದಿದ್ದು," ಎಂದ.

ಡಬ್ಬಿಯಾದರೂ ಇವನಿಗಿಂತ ವಾಸಿ ಅನ್ನಿಸಿತು ಅವಳಿಗೆ. ಅದಕ್ಕೆ ಸತ್ತಿದ್ದೇನೆ ಅನ್ನುವ ನೆಪವಾದರೂ ಇತ್ತು.

ತಾಯಿ ಮಗಳು ನಡೆದೇ ಧಕ್ಕೆಗೆ ಹೋದರು. ಶೆಡ್ಡಿನ ಚರಂಡಿ ಸಮುದ್ರಕ್ಕೆ ಬೀಳುವ ಕಡೆ ಮೆಟ್ಟಿಲುಗಳಿದ್ದವು, ಗಂಡ ಅವತ್ತು ಹವಳದ ಮರಗಳನ್ನು ಕಸವೆಂದು ತಳ್ಳಿಸಿದ ಜಾಗ. ನೀರಿನ ಮೇಲೆ ಡೀಸೆಲಿನ ಬಣ್ಣ ತೇಲುತ್ತಿತ್ತು.

"ಇಲ್ಲೇನಾ ಅಮ್ಮ?"

"ಇಲ್ಲೇ. ಇದು ಅವರದ್ದೇ."

ಮಗಳು ಡಬ್ಬಿ ಓರೆ ಮಾಡಿದಳು. ಬೂದಿ ಒಂದಿಷ್ಟು ಮುಳುಗಿತು, ಒಂದಿಷ್ಟು ತೇಲಿತು. ಚರಂಡಿಯ ಬಾಯಲ್ಲಿ ತಿಂದು ಕೊಬ್ಬಿದ ಮೀನುಗಳು, ಏನು ಬಿದ್ದರೂ ಬಿಡದವು, ಗುಂಪುಗಟ್ಟಿ ಮೇಲೆದ್ದು ಬಂದು ಬಾಯಿ ಹಾಕಿದವು. ಒಂದು ಕ್ಷಣ ಬಾಯಲ್ಲಿಟ್ಟುಕೊಂಡು, ಒಂದೊಂದಾಗಿ ಉಗುಳಿ, ಮತ್ತೆ ಚರಂಡಿಯ ಕಡೆಗೆ ತಿರುಗಿದವು.