ಹನ್ನೊಂದನೆಯ ಹಾಸಿಗೆ

ಕೋಣೆಯನ್ನು ನಾನು ಮೂರು ಸಲ ಅಳೆದೆ. ಮುಚ್ಚಿಹೋದ ನಮ್ಮ ಶಾಲೆಯ ಪ್ರಯೋಗಾಲಯ ಅದು. ಇಪ್ಪತ್ತೆಂಟು ವರ್ಷ ನಾನು ವಿಜ್ಞಾನ ಕಲಿಸಿದ ಕೋಣೆ. ಶಾಲೆ ಹೋದ ಮೇಲೆ ಕಟ್ಟಡ ನಮ್ಮ ನಿವೃತ್ತ ಶಿಕ್ಷಕರ ಸಂಘದ ಕೈಗೆ ಬಂದಿತ್ತು. ಚಳಿಗಾಲದ ಮೂರು ತಿಂಗಳ ಮಟ್ಟಿಗೆ ಮನೆಯಿಲ್ಲದವರಿಗೆ ಅಲ್ಲಿ ಮಲಗಲು ಜಾಗ ಮಾಡೋಣ ಎಂದವಳು ನಾನೇ. ಹಾಗಾಗಿ ಪುರಸಭೆಗೆ ಅರ್ಜಿ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದವರು ಹನ್ನೊಂದು ಮಂದಿ. ಊರು ಚಿಕ್ಕದು, ಎಲ್ಲರೂ ಮುಖಪರಿಚಯದವರೇ. ಗಿರಣಿಯ ಹಿಂದಿನ ವಸತಿ ಸಾಲನ್ನು ಕೆಡವಿದಾಗ ಬೀದಿಗೆ ಬಿದ್ದವರು. ಅವರಲ್ಲಿ ಒಬ್ಬ ಗಾರೆ ಕೆಲಸದವನು, ಒಬ್ಬ ತಾಯಿ ಮತ್ತು ಅವಳ ವಯಸ್ಸಿಗೆ ಬಂದ ಮಗಳು, ಮತ್ತೆ ನಾವು ಗಡಿಯಾರದಣ್ಣ ಎಂದು ಕರೆಯುತ್ತಿದ್ದ ರಿಪೇರಿಯವರು. ಪ್ರಯೋಗಾಲಯದ ಸ್ಟಾಪ್‌ವಾಚುಗಳನ್ನೆಲ್ಲ ಅಷ್ಟು ವರ್ಷ ಸರಿಮಾಡಿಕೊಟ್ಟವರು ಅವರೇ. ಹೋದ ಚಳಿಗಾಲದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಇನ್ನೊಂದು ಚಳಿಗಾಲ ಬಯಲಲ್ಲಿ ಕಳೆದರೆ ತನ್ನ ಕೈಯಲ್ಲಿ ಏನೂ ಇಲ್ಲವೆಂದು ಡಾಕ್ಟರು ಹೇಳಿ ಕಳಿಸಿದ್ದರು. ಈಗ ಒಂದನೇ ತಾರೀಕಿನಿಂದ ಬಸ್ ನಿಲ್ದಾಣಕ್ಕೂ ರಾತ್ರಿ ಹೊತ್ತು ಬೀಗ ಬೀಳುವುದಿತ್ತು.

ಪುರಸಭೆಯ ನಿಯಮ ಸರಳವಾಗಿತ್ತು: ಮಲಗುವ ಪ್ರತಿ ಮನುಷ್ಯನಿಗೆ ನಾಲ್ಕು ಚದರ ಮೀಟರ್ ಖಾಲಿ ನೆಲ. ಹನ್ನೊಂದು ಜನಕ್ಕೆ ನಲವತ್ತನಾಲ್ಕು. ಕೋಣೆಯ ಉದ್ದಗಲ ಗುಣಿಸಿ, ಗೋಡೆಯ ಕಪಾಟುಗಳ ಜಾಗ ಕಳೆದು, ನಡುವೆ ನೆಲಕ್ಕೇ ಕಟ್ಟಿದ್ದ ಪ್ರಯೋಗದ ಮೇಜಿನ ಜಾಗ ಕಳೆದು ನೋಡಿದೆ. ನಲವತ್ತನಾಲ್ಕು ಬಿಂದು ಒಂದು ಬಂತು. ಖುಷಿಯಾಯಿತು. ಖುಷಿಯಲ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಹಳೆಯ ಗೋಡೆ, ಗಾರೆ ಅಲ್ಲಲ್ಲಿ ಉಬ್ಬಿತ್ತು. ಒಂದು ತುದಿಯ ಅಳತೆಗೂ ಇನ್ನೊಂದು ತುದಿಯ ಅಳತೆಗೂ ಎರಡು ಬೆರಳಿನ ವ್ಯತ್ಯಾಸ. ಆದ್ದರಿಂದ ಸಂಖ್ಯೆಯ ಪಕ್ಕದಲ್ಲಿ ‘ಸೊನ್ನೆ ಬಿಂದು ಮೂರು ಹೆಚ್ಚು ಅಥವಾ ಕಡಿಮೆ’ ಎಂದು ಬರೆದು ಸಹಿ ಹಾಕಿದೆ.

ಸಭೆಯಲ್ಲಿ ಪುರಸಭೆಯ ಅಧ್ಯಕ್ಷ ಕನ್ನಡಕ ಏರಿಸಿಕೊಂಡು ಅದನ್ನೇ ಓದಿದ. ಅವನು ನನ್ನ ವಿದ್ಯಾರ್ಥಿ. ಮೂರನೇ ಬೆಂಚು, ಕಿಟಕಿಯ ಪಕ್ಕ. ನಮ್ಮ ಶಾಲೆಯ ಬೀದಿಯ ನಲವತ್ತು ಜನ, ಇಂಥವರು ಇಲ್ಲಿ ಬೇಡವೆಂದು ಸಹಿ ಹಾಕಿ ಕೊಟ್ಟಿದ್ದರು. ಪೂರ್ತಿ ಇಲ್ಲವೆನ್ನಲು ಅವನಿಗೆ ಮುಖವಿಲ್ಲ, ಹೌದೆನ್ನಲು ಧೈರ್ಯವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಕೋಲನ್ನು ನಾನೇ ಕೈಗಿಟ್ಟಿದ್ದೆ.

“ಮೇಡಂ, ನಿಮ್ಮ ಲೆಕ್ಕದ ಪ್ರಕಾರಾನೇ ಇದು ನಲವತ್ಮೂರು ಬಿಂದು ಎಂಟೂ ಇರಬಹುದು. ಆಗ ಹನ್ನೊಂದು ಜನಕ್ಕೆ ಸಾಲಲ್ಲ,” ಎಂದ. “ಅಳತೆ ಬರೆದ್ರೆ ಸಾಲದು, ಎಷ್ಟು ತಪ್ಪಿರಬಹುದು ಅಂತಲೂ ಬರೀಬೇಕು ಅಂತ ನೀವೇ ಹೇಳ್ಕೊಟ್ಟಿದ್ದು. ಬರೀದೇ ಇದ್ದಿದ್ದಕ್ಕೆ ನನಗೆ ಅರ್ಧ ಮಾರ್ಕು ಕಳೆದಿದ್ರಿ.”

ಸದಸ್ಯರೆಲ್ಲ ನಕ್ಕರು. ಗೋಡೆ ಡೊಂಕಿದೆ ಎಂದು ನಾನು ವಿವರಿಸಹೊರಟರೆ, ಕುಣಿಯಲಾರದವರಿಗೆ ನೆಲ ಡೊಂಕು ಎಂದು ಸದಸ್ಯರೊಬ್ಬರು ಗೊಣಗಿದರು. ಈ ಸಭಾಂಗಣದಲ್ಲಿ ನಿಮಗೆ ತಲಾ ಎಷ್ಟು ಚದರ ಮೀಟರ್ ಇದೆ ಎಂದು ಕೇಳಿದೆ. ನಿಯಮ ಮಲಗುವವರಿಗೆ ಮಾತ್ರ ಎಂದು ಅಧ್ಯಕ್ಷ ಹೇಳಿದ.

“ಹಾಗಾದ್ರೆ ಆ ಮೂರನೇ ಕುರ್ಚಿಯವರನ್ನ ಎಬ್ಬಿಸಿ ಅಳೀರಿ,” ಎಂದಳು ಹಿಂದಿನ ಸಾಲಿನಿಂದ ನನ್ನ ಅಕ್ಕ. ಮೂರನೇ ಕುರ್ಚಿಯವರು ಬೆಚ್ಚಿ ಕಣ್ಣು ತೆರೆದರು.

ನಿರ್ಣಯ ಹೀಗಾಯಿತು: ಸದ್ಯಕ್ಕೆ ಹತ್ತು ಮಂದಿಗೆ ಅನುಮತಿ. ಶುಕ್ರವಾರ ಆರೋಗ್ಯ ನಿರೀಕ್ಷಕರು ಸ್ಥಳಕ್ಕೆ ಬಂದು ಅಳೆದು ಕೊನೆಯ ಸಂಖ್ಯೆ ಬರೆಯುವುದು. ಆ ಸಂಖ್ಯೆ ಚಳಿಗಾಲ ಮುಗಿಯುವವರೆಗೆ ಬದಲಾಗುವಂತಿಲ್ಲ.

ಅಕ್ಕ ದರ್ಜಿ. ಹೊಲಿಗೆ ಯಂತ್ರದ ಪಕ್ಕದಲ್ಲಿ ಹಾಸಿಗೆಯ ಗವಸುಗಳನ್ನು ರಾಶಿ ಹಾಕಿಕೊಂಡಿದ್ದಳು, ಒಳಗೆ ತುಂಬಲು ಚಿಂದಿಯ ಮೂಟೆಗಳು. ಮನೆಗೆ ಬಂದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

“ಯಾರು ಕೇಳಿದ್ರು ನಿನ್ನ ಹೆಚ್ಚು ಕಡಿಮೆ? ಹರಿಶ್ಚಂದ್ರನ ಮೊಮ್ಮಗಳು. ನಾನು ರವಿಕೆಗೆ ಅಳತೆ ತಗೊಂಡು, ಬಿಗಿಯಾದ್ರೂ ಆಗಬಹುದು ಅಂತ ಚೀಟಿ ಬರೆದುಕೊಟ್ರೆ ಯಾರಾದ್ರೂ ಬಟ್ಟೆ ಕೊಡ್ತಾರೇನೇ?”

ಅವಳು ಹೇಳಿದ್ದು ತಪ್ಪಲ್ಲ. ಆದರೆ ನಾನು ಬರೆದದ್ದೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಗಡಿಯಾರದಣ್ಣ ಬಂದರು. ವಿಷಯ ಊರೆಲ್ಲ ಹರಡಿತ್ತು. ಬಾಗಿಲಲ್ಲೇ ನಿಂತು, ಉಸಿರು ಹಿಡಿಯಲು ಮಾತನ್ನು ತುಂಡು ತುಂಡು ಮಾಡುತ್ತ, ಹನ್ನೊಂದನೆಯವನು ತಾನೇ ಆಗಿರಲಿ, ಉಳಿದವರಿಗೆ ತೊಂದರೆ ಬೇಡ, ತಾನು ಹೇಗೋ ನೋಡಿಕೊಳ್ಳುತ್ತೇನೆ ಎಂದರು.

“ನೀವು ಎದ್ದು ಬಿಟ್ಟುಕೊಡೋಕೆ ಅದೇನು ಬಸ್ಸಿನ ಸೀಟಾ?” ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು.

ಅವರು ಹೋದ ಮೇಲೆ ಅಕ್ಕ ಚಾಕ್ ತುಂಡಿನಿಂದ ಬಟ್ಟೆಯ ಮೇಲೆ ಕೋಣೆಯ ಚಿತ್ರ ಬರೆದು ಹಾಸಿಗೆಗಳನ್ನು ಹೊಂದಿಸಿ ನೋಡಿದಳು. ಬಟ್ಟೆ ಕತ್ತರಿಸುವವಳ ಕಣ್ಣು ಅದು. ಎಲ್ಲಿ ಚೂರು ವ್ಯರ್ಥವಾಗುತ್ತದೆಂದು ಥಟ್ಟನೆ ಕಾಣುತ್ತದೆ. ನಡುವಿನ ಚೌಕದ ಮೇಲೆ ಬೆರಳಿಟ್ಟು, ಈ ಮೇಜೊಂದು ಇಲ್ಲದಿದ್ದರೆ ಸಲೀಸಾಗಿ ಹಿಡಿಯುತ್ತಿತ್ತು ಎಂದಳು.

ಕೇಳಿಸದವಳಂತೆ ನಾನು ಎದ್ದು ಒಳಗೆ ಹೋದೆ. ಒಂದಿಡೀ ದಿನ ಹಾಗೇ ಇದ್ದೆ. ಆ ಮೇಜಿಗಾಗಿ ನಾನು ಮೂರು ವರ್ಷ ಕಚೇರಿಗಳಿಗೆ ಅಲೆದಿದ್ದೆ. ಇಟ್ಟಿಗೆಯ ಕಾಲು, ಮೇಲೆ ಒಂದೇ ಕಪ್ಪು ಕಲ್ಲಿನ ಹಾಸು, ಒಂದು ತುದಿಗೆ ನಲ್ಲಿ. ಆಮ್ಲ ಚೆಲ್ಲಿದ ಕಲೆ ಯಾವ ವರ್ಷದ್ದೆಂದು ಇಂದಿಗೂ ಹೇಳಬಲ್ಲೆ. ಅಳೆದ ಮೂರು ಸಲವೂ ಮೇಜಿನ ಜಾಗವನ್ನು ಕಳೆದಿದ್ದೆನೇ ಹೊರತು ಮೇಜನ್ನೇ ಕಳೆಯಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಪುರಸಭೆಯವರು ಹತ್ತು ಎಂದಾಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಹನ್ನೊಂದನೆಯವರ ಜಾಗದಲ್ಲಿ ಕಾಲೂರಿ ನಿಂತಿದ್ದವಳು ನಾನೂ ಹೌದು.

ಸಂಘದವರಿಗೆ ಹೇಳಿ ಒಪ್ಪಿಗೆಯ ಪತ್ರ ಬರೆಸಿಕೊಂಡೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೀದಿಯ ಕಡೆಯ ಎರಡೂ ಬಾಗಿಲು ತೆರೆದಿಟ್ಟು, ಗಾರೆಯವನ ಕೈಗೆ ಸುತ್ತಿಗೆ ಕೊಟ್ಟೆ. ಕದ್ದುಮುಚ್ಚಿ ಮಾಡುವಂಥದ್ದು ಇದರಲ್ಲೇನೂ ಇರಲಿಲ್ಲ. ಗಡಿಯಾರದಣ್ಣ ಮೊದಲು ನಲ್ಲಿಯನ್ನು ತಿರುಪು ತಿರುಪಾಗಿ ಬಿಚ್ಚಿ, ಒರೆಸಿ, ಕಾಗದದಲ್ಲಿ ಸುತ್ತಿಟ್ಟರು. ಮೊದಲ ಪೆಟ್ಟು ನಾನೇ ಹಾಕುತ್ತೇನೆಂದೆ. ಸುತ್ತಿಗೆ ಕಲ್ಲಿನ ಮೇಲಿಂದ ಪುಟಿಯಿತು, ನನ್ನ ಭುಜ ಹಿಡಿದುಕೊಂಡಿತು. ಕಲ್ಲಿಗೆ ಏನೂ ಆಗಲಿಲ್ಲ.

“ಮೇಡಂ, ನೀವು ಪಾಠ ಮಾಡಿ. ಒಡೆಯೋದು ನಮಗೆ ಬಿಡಿ,” ಎಂದ ಗಾರೆಯವನು. ಕಲ್ಲನ್ನು ಬಿಟ್ಟು ಅದರ ಕೆಳಗಿನ ಇಟ್ಟಿಗೆಗೆ ಹೊಡೆದ. ಹತ್ತನೇ ಏಟಿಗೆ ಒಂದು ಕಾಲು ಕುಸಿಯಿತು.

ಸದ್ದಿಗೆ ಬೀದಿ ಸೇರಿತು. ಎದುರಿನ ಬೇಕರಿಯವನು ಬಂದ. ಬೇಡವೆಂದು ಮೊದಲು ಸಹಿ ಹಾಕಿದವನು ಅವನೇ. ಇವರು ಬಂದರೆ ನಮ್ಮ ಮನೆ ಬಾಗಿಲಿಗೆ ಯಾರು ಹೊಣೆ ಎಂದು ಕೇಳಿದ. ಇಷ್ಟು ವರ್ಷ ನಿನ್ನ ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದವರು ಇಲ್ಲೇ ಇದ್ದಾರೆ, ಒಂದು ಮುಳ್ಳಾದರೂ ಕಳೆದಿತ್ತೇ ಕೇಳಿಕೋ ಎಂದು ಅಕ್ಕ ಹೇಳಿದಳು. ಅವನು ಗಡಿಯಾರದಣ್ಣನ ಕಡೆ ನೋಡಲಿಲ್ಲ. ಸಹಿಯನ್ನೂ ಹಿಂತೆಗೆದುಕೊಳ್ಳಲಿಲ್ಲ. ಧೂಳು ಬರುತ್ತದೆಂದು ಬೈದು ಹೋದ.

ಸ್ವಲ್ಪ ಹೊತ್ತಿಗೆ ಅಧ್ಯಕ್ಷನೂ ಬಂದ. ಒರಗಿಬಿದ್ದ ಕಲ್ಲನ್ನೂ ನನ್ನನ್ನೂ ನೋಡಿದ. ಅವನು ಲೋಲಕದ ಆಂದೋಲನ ಎಣಿಸಿದ್ದು ಆ ಮೇಜಿನ ಮುಂದೆಯೇ.

“ಮೇಡಂ, ಇದು ನಿಮ್ಮ ಮೇಜು.”

“ಹೌದಪ್ಪ. ಅದಕ್ಕೇ ನಾನೇ ಒಡೆಸ್ತಿದ್ದೀನಿ.”

ಶುಕ್ರವಾರ ನಿರೀಕ್ಷಕರು ಟೇಪು ಹಿಡಿದು ಬಂದರು. ಅಧ್ಯಕ್ಷನೂ ಜೊತೆಗಿದ್ದ, ಬೇಕರಿಯವನು ಬಾಗಿಲಲ್ಲಿ. ಮೇಜಿದ್ದ ಕಡೆ ಗಾರೆಯವನು ಹೊಸ ಸಿಮೆಂಟು ಬಳಿದಿದ್ದ, ಇನ್ನೂ ತೇವದ ಬಣ್ಣ ಹೋಗಿರಲಿಲ್ಲ. ಟೇಪಿನ ಒಂದು ತುದಿ ನಿರೀಕ್ಷಕರು ಹಿಡಿದರು, ಇನ್ನೊಂದನ್ನು ನಾನು ಅಧ್ಯಕ್ಷನ ಕೈಗೇ ಕೊಟ್ಟೆ. ನಲವತ್ತೈದು ಬಿಂದು ಒಂಬತ್ತು. ನಿರೀಕ್ಷಕರು ಬರೆದುಕೊಂಡು ಸಹಿಗೆಂದು ಕಾಗದವನ್ನು ನನ್ನತ್ತ ತಿರುಗಿಸಿದರು.

ಅಕ್ಕ ಗಂಟಲು ಸರಿಮಾಡಿಕೊಂಡಳು. ಅದರ ಅರ್ಥ ನನಗೆ ಗೊತ್ತಿತ್ತು. ಆದರೂ ಪೆನ್ನು ತೆಗೆದು ಸಂಖ್ಯೆಯ ಪಕ್ಕದಲ್ಲಿ ‘ಸೊನ್ನೆ ಬಿಂದು ಮೂರು ಹೆಚ್ಚು ಅಥವಾ ಕಡಿಮೆ’ ಎಂದು, ಮೊದಲಿಗಿಂತ ದಪ್ಪಗೆ ಬರೆದೆ.

“ಈಗ ಕಳಿ ನೋಡೋಣ,” ಎಂದೆ ಅಧ್ಯಕ್ಷನಿಗೆ.

ಅವನು ಬಾಯಲ್ಲೇ ಕಳೆದ. ಎಷ್ಟೇ ಕಡಿಮೆಯಾದರೂ ನಲವತ್ತೈದೂವರೆಗಿಂತ ಮೇಲೆ. ನಿರೀಕ್ಷಕರು ‘ಹನ್ನೊಂದು’ ಎಂದು ಅಕ್ಷರದಲ್ಲಿ ಬರೆದು ಮೊಹರು ಒತ್ತಿದರು. ಗಡಿಯಾರದಣ್ಣ ಆಗಲೇ ಗೋಡೆಗೆ ಒರಗಿ ಕೂತು ಚಿಂದಿ ತುಂಬುತ್ತಿದ್ದರು. ಮೊಹರಿನ ಸದ್ದಿಗೆ ಒಮ್ಮೆ ಕೈ ನಿಲ್ಲಿಸಿ, ಮತ್ತೆ ತುಂಬತೊಡಗಿದರು.

“ನಾಳೆ ಹನ್ನೆರಡನೆಯವನೊಬ್ಬ ಬಂದ್ರೆ ಏನ್ಮಾಡ್ತೀರಿ, ಮೇಡಂ? ನಲವತ್ತೆಂಟು ಬೇಕು,” ಎಂದ ಅಧ್ಯಕ್ಷ. “ಈ ಸಂಖ್ಯೆ ಬದಲಾಗಲ್ಲ.”

ಬದಲಾಗಬೇಕೆಂದು ಹೊಸ ಅರ್ಜಿ ಕೊಡುತ್ತೇನೆ, ನಿನ್ನ ಮುಂದೆಯೇ ಬಂದು ನಿಲ್ಲುತ್ತೇನೆ ಎಂದೆ. ಗಾರೆಯವನು ಆಗಲೇ ಗೋಡೆಯ ಕಡೆ ತಿರುಗಿ, ಕಪಾಟಿನ ಹಲಗೆಗಳನ್ನು ಬೆರಳ ಗೆಣ್ಣಿನಿಂದ ಒಂದೊಂದಾಗಿ ತಟ್ಟಿ ನೋಡುತ್ತಿದ್ದ.

“ಇದು ಬರೀ ಮರ, ಮೇಡಂ,” ಎಂದ. “ಅರ್ಧ ದಿನದ ಕೆಲಸ.”