ಮೂರು ಬೆರಳಿನ ಕಣ್ಣು

ಸೀಮೆಸುಣ್ಣ ಕಿರ್ ಎಂದಿತು, ಹಲ್ಲು ಜುಮ್ಮೆಂದಿತು, ಅಧಿಕಾರಿಯಮ್ಮ ಬೋರ್ಡಿನ ಮೇಲೆ ಶಾಂತಿ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು, ಎರಡು ಯಾಕೋ, ಒಂದು ಸಾಲದೇನೋ — ನಿಮ್ಮ ಮಾತಲ್ಲೇ ಹೇಳಿ, ಶಾಂತಿ ಅಂದ್ರೆ ಏನು, ತಪ್ಪು ಉತ್ತರ ಅಂತ ಯಾವುದೂ ಇಲ್ಲ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೊತ್ತಿಕೊಂಡು ಕೂತ ಗಂಡಸರು, ಕಿಟಕಿಯ ಕಡೆ ಗದ್ದೆಯವರು, ಬಾಗಿಲ ಕಡೆ ಬಲೆಯವರು, ನಡುವೆ ಇವಳು, ಇವಳಿಗೆ ಮಾತ್ರ ಕುರ್ಚಿ, ಬಲೆಯವರ ಮಗಳು, ಗದ್ದೆಯವರ ಸೊಸೆ, ಇವರೇ ನೋಡಿ ನಮ್ಮ ಸೇತುವೆ ಎಂದಿದ್ದರು ಅಧಿಕಾರಿಯಮ್ಮ, ಸೇತುವೆಯಂತೆ, ಹೌದು ಮತ್ತೆ, ತುಳಿದುಕೊಂಡು ಓಡಾಡುವುದಕ್ಕೆ ಏನಾದರೊಂದು ಬೇಕಲ್ಲ. ಗದ್ದೆಯ ಕಡೆಯ ಹಿರಿಯ ಎದ್ದು ಕೆಮ್ಮಿದ, ಹಾಕಿದ ಬೀಜ ಮೊಳೀಬೇಕು ತಾಯಿ, ಉಪ್ಪುನೀರು ಒಳಗೆ ನುಗ್ಗಬಾರದು, ನಮಗೆ ಅಷ್ಟೇ ಶಾಂತಿ. ಬಲೆಯ ಕಡೆಯಿಂದ ಇವಳ ಅಮ್ಮ, ಕೂತಲ್ಲಿಂದಲೇ, ನೀರಿಗೆ ಹೋದವರು ಹೋದ ಹಾಗೇ ವಾಪಸ್ ಬರಬೇಕು, ಪೂರ್ತಿಯಾಗಿ — ಪೂರ್ತಿ ಎನ್ನುವಲ್ಲಿ ಅಮ್ಮ ಪಕ್ಕಕ್ಕೆ ತಿರುಗಿದಳು, ಬಹಳ ಚೆನ್ನಾಗಿದೆ ಎಂದು ಅಧಿಕಾರಿಯಮ್ಮ ಬರೆದುಕೊಂಡರು, ಅಮ್ಮನ ಪಕ್ಕ ಕೂತ ಅಣ್ಣ ಬಲಗೈಯನ್ನು ಟವೆಲಿನೊಳಗೆ ಇನ್ನಷ್ಟು ಹುದುಗಿಸಿಕೊಂಡ.

ಹಾಳಾದ ಟವೆಲು, ಐದು ತಿಂಗಳಿಂದ ಅದೇ, ಸೆಖೆಯಿರಲಿ ಚಳಿಯಿರಲಿ, ಅದರೊಳಗಿನದು ಇವಳಿಗೆ ಗೊತ್ತಿಲ್ಲದ್ದೇನಲ್ಲ, ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಬೇಸಿನ್ ಹಿಡಿದು ನಿಂತವಳು ಇವಳೇ, ಹೆಬ್ಬೆರಳು, ಕಿರುಬೆರಳು, ನಡುವೆ ಏನೂ ಇಲ್ಲ. ಅಂಗಳದಲ್ಲಿ ಅಣ್ಣ ಬಲೆ ಹೆಣೆಯುತ್ತಾನೆ, ಇವಳು ನೂಲು ಹಿಡಿದುಕೊಂಡಿದ್ದಾಳೆ, ಇವಳಿಗಾಗ ಏಳು ವರ್ಷವೋ ಎಂಟೋ, ಹೆಣೆದ ಒಂದೊಂದು ಕಿಂಡಿಗೂ, ಒಂದೊಂದು ಕಣ್ಣಿಗೂ ನಡುವಿನ ಮೂರು ಬೆರಳು ಜೋಡಿಸಿ ತೂರಿಸಿ ನೋಡುತ್ತಾನೆ, ಮೂರು ಬೆರಳು ಹೋಗೋ ಕಣ್ಣೇ ಕಣ್ಣು ಪುಟ್ಟಿ, ಅದಕ್ಕಿಂತ ಸಣ್ಣ ಮಾಡಿದ್ರೆ ಕಳ್ಳತನ, ಮರಿಗಳು ತಪ್ಪಿಸಿಕೊಂಡು ಹೋಗ್ಲಿ ಬಿಡು, ದೊಡ್ಡವಾಗಿ ನಮ್ಮ ಹತ್ರಾನೇ ಬರ್ತವೆ, ಎಲ್ಲಿಗೆ ಹೋಗ್ತವೆ. ಕೇರಿಯವರೆಲ್ಲ ಹೊಸ ಬಲೆ ಹೊತ್ತು ತಂದು ಅವನ ಮುಂದೆಯೇ ಹರಡುತ್ತಿದ್ದರು, ಸ್ವಲ್ಪ ನೋಡಪ್ಪ, ಅಳತೆಪಟ್ಟಿ ಯಾರ ಮನೆಯಲ್ಲಿತ್ತು, ಅಣ್ಣನ ಕೈಯೇ ಊರಿಗೆಲ್ಲ ಅಳತೆ. ಇವಳ ಗಂಟುಗಟ್ಟಿದ ಕೂದಲನ್ನೂ ಅದೇ ಬೆರಳುಗಳಲ್ಲಿ ಬಿಡಿಸುತ್ತಿದ್ದ, ನೋಯ್ತಾ, ಇಲ್ಲ, ಸುಳ್ಳಿ — ಐದು ತಿಂಗಳ ಹಿಂದೆ ಅವತ್ತು ಸಂಜೆ ಫ್ಲಾಸ್ಕಿನಲ್ಲಿ ಟೀ ಹಿಡಿದು ಕಟ್ಟೆಯ ಮೇಲೆ ಬರುತ್ತಿದ್ದಾಳೆ, ಕಾಲುವೆಯ ಹಲಗೆ ಬಾಗಿಲ ಮೇಲೆ ಗಂಡ, ಬಾಗಿಲು ಕಾಯುವ ಕೆಲಸ ಅವನದು, ಹಲಗೆ ಎತ್ತಿದರೆ ಉಬ್ಬರದ ನೀರಿನ ಜೊತೆ ಬಲೆಯವರಿಗೆ ಮೀನು, ಇಳಿಸಿದರೆ ಗದ್ದೆಯವರಿಗೆ ಬೆಳೆ, ಇವತ್ತು ಬೇಗ ಇಳಿಸು ಎಂದು ಗದ್ದೆಯವರು ಬೆಳಿಗ್ಗೆಯಿಂದ ಅವನ ತಲೆ ತಿಂದಿದ್ದರು, ಹೆಂಡತಿ ಕಡೆಯೋರಿಗೆ ಹೆದರ್ತಾನೆ ಇವನು ಎಂದು ಆಡಿಕೊಂಡಿದ್ದರು, ಕೆಳಗೆ ನೀರಲ್ಲಿ ಅಣ್ಣ, ಬಲೆ ಹಲಗೆಯ ಸಂದಿಗೆ ಸಿಕ್ಕಿಕೊಂಡಿದೆ, ತಡಿಯೋ, ಒಂದ್ನಿಮಿಷ, ಬಿಡಿಸ್ಕೊಳ್ತೀನಿ — ಗಂಡ ಬಗ್ಗಿ ನೋಡಿದ. ನೋಡಿದ. ಸಂದಿಯೊಳಗಿದ್ದ ಆ ಕೈಯನ್ನೇ ನೋಡಿದ, ಆಮೇಲೆ ಎತ್ತಿಹಿಡಿದ ಹಲಗೆ ಬಿಟ್ಟ. ಫ್ಲಾಸ್ಕು ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ.

ನೀರಿನ ಸೆಳೆತಕ್ಕೆ ಹಲಗೆ ಜಾರಿತು ಸಾರ್, ಯಾರದ್ದೂ ತಪ್ಪಿಲ್ಲ, ಎಂದು ಪೊಲೀಸರಿಗೆ ಹೇಳಿದವನು ಅಣ್ಣನೇ, ಇವಳನ್ನು ಹತ್ತಿರ ಕರೆದು, ನಿನ್ನ ಮನೆ ಒಡೆಯೋದು ಬೇಡ ಪುಟ್ಟಿ, ಬೆರಳೇನು ವಾಪಸ್ ಬರುತ್ತಾ. ಬಲೆಯ ಹುಡುಗರು ನಂಬಲಿಲ್ಲ, ಒಂದು ಹುಲ್ಲಿನ ಬಣವೆ ಉರಿಯಿತು, ಮಾರನೇ ವಾರ ಎರಡು ದೋಣಿಗೆ ತೂತು ಬಿತ್ತು, ಆಗ ನೆನಪಾಯಿತು ಎಲ್ಲರಿಗೂ ಶಾಂತಿ. ಮನೆಯಲ್ಲಿ ಮಾತ್ರ ಅದು ಮೊದಲ ದಿನದಿಂದಲೇ ಇತ್ತು, ಗಂಡ ಐದೂ ಬೆರಳಿಂದ ಅನ್ನ ಕಲಸುತ್ತಾನೆ, ಇವಳು ಬಡಿಸುತ್ತಾಳೆ, ನಮ್ಮ ಸೊಸೆ ಅಪರಂಜಿ, ತುಟಿ ಪಿಟಕ್ಕೆನ್ನಲ್ಲ, ಎನ್ನುತ್ತಾರೆ ಅತ್ತೆ, ನೀನು ನೋಡಿದ್ಯಾ ಎಂದು ಗಂಡ ಒಂದು ಸಲವೂ ಕೇಳಿಲ್ಲ, ಕೇಳದಿರುವುದೇ ಶಾಂತಿ, ಬರೆದುಕೊಳ್ಳಿ ಮೇಡಂ, ತಪ್ಪು ಉತ್ತರ ಇಲ್ಲವಲ್ಲ.

ಈಗ ಅಧಿಕಾರಿಯಮ್ಮ ಒಪ್ಪಂದದ ಕಾಗದ ಓದುತ್ತಿದ್ದಾರೆ, ಒಂದು, ಕಾಲುವೆಯ ಬಾಗಿಲು ದಿನಕ್ಕೆ ಆರು ಗಂಟೆ ತೆರೆದಿರತಕ್ಕದ್ದು, ಎರಡು, ಸಣ್ಣ ಕಣ್ಣಿನ ಬಲೆಗೆ ಕಸ ಕಟ್ಟಿ ಬಾಗಿಲು ಮುಚ್ಚಲಾಗದ್ದರಿಂದ ಮೂರು ಬೆರಳಿಗಿಂತ ಕಡಿಮೆ ಕಣ್ಣಿನ ಬಲೆ ಹಾಕತಕ್ಕದ್ದಲ್ಲ, ಮೂರು, ಬಾಗಿಲ ಬಳಿ ನಡೆದದ್ದು ಆಕಸ್ಮಿಕ, ಪ್ರತ್ಯಕ್ಷ ಕಂಡವರ ಸಹಿ, ಅವತ್ತು ಕಟ್ಟೆಯ ಮೇಲೆ ಇದ್ದದ್ದು ನೀನೇ ಅಂತಲ್ಲ, ಇಲ್ಲಿ ಹಾಕಮ್ಮ. ಹಾಕುತ್ತೇನೆ, ಅಣ್ಣ ಹೇಳಿದ್ದಾನೆ, ನಾಳೆ ನನ್ನ ಮಗಳು ಇದೇ ಶಾಲೆಯಲ್ಲಿ ಎರಡೂ ಕಡೆಯ ಮಕ್ಕಳ ನಡುವೆ ಕೂರಬೇಕು, ಹಾಕಿಬಿಡುತ್ತೇನೆ, ಪೆನ್ನು ಕಾಗದಕ್ಕೆ ತಾಗಿತು, ಆಗಲೇ ಅಧಿಕಾರಿಯಮ್ಮ, ಒಂದ್ನಿಮಿಷ, ಮೂರು ಬೆರಳು ಅಂದ್ರೆ ಎಷ್ಟು ಇಂಚು, ಯಾರಾದ್ರೂ ತೋರಿಸಿ. ಬಲೆಯ ಕಡೆಯ ತಲೆಗಳೆಲ್ಲ ರೂಢಿಯಂತೆ ಅಣ್ಣನ ಕಡೆ ತಿರುಗಿದವು, ಅಯ್ಯೋ, ಅಣ್ಣನೂ ರೂಢಿಯಂತೆ ಕೈ ಎತ್ತಿದ, ಟವೆಲು ಜಾರಿತು. ಕಿಟಕಿಯ ಕಡೆಯಿಂದ ಗಂಡ ಎದ್ದು ಬಂದ, ಮೇಜಿನ ಮೇಲೆ ತನ್ನ ಮೂರು ಬೆರಳು ಜೋಡಿಸಿಟ್ಟ, ಇಷ್ಟು ಮೇಡಂ, ಅಳ್ಕೊಳ್ಳಿ, ಅಧಿಕಾರಿಯಮ್ಮ ಸ್ಕೇಲಿಟ್ಟು ನೋಡಿ ಎರಡು ಇಂಚು ಎಂದು ಬರೆದರು, ಥ್ಯಾಂಕ್ಸ್, ಹೂಂ, ಸಹಿ ಹಾಕಮ್ಮ, ಹಾಕು ಪುಟ್ಟಿ ಎಂದ ಅಣ್ಣ, ಕೈ ಇಳಿಸುವುದನ್ನು ಮರೆತಿದ್ದ. ಇವಳು ಪೆನ್ನಿಗೆ ಮುಚ್ಚಳ ಹಾಕಿದಳು. ಏನಾಯ್ತಮ್ಮ. ನಾನು ನೋಡಿದೀನಿ ಮೇಡಂ, ಇವರೂ ನೋಡಿದ್ರು, ಕೈ ಇರೋದು ನೋಡೇ ಹಲಗೆ ಬಿಟ್ರು — ತನ್ನದೇ ದನಿ ಇಷ್ಟು ಜೋರೇ, ಬೆಂಚುಗಳು ಸರಿದ ಸದ್ದು, ಅಮ್ಮ ಎದ್ದಳು, ಗಂಡನ ಮೂರು ಬೆರಳು ಇನ್ನೂ ಮೇಜಿನ ಮೇಲೆ, ಅತ್ತ ಗಾಳಿಯಲ್ಲಿ ಹೆಬ್ಬೆರಳು, ಕಿರುಬೆರಳು, ನಡುವೆ, ಹೆಬ್ಬೆರಳು, ಕಿರುಬೆರಳು, ನಡುವೆ —