ಮೋತ್ಯಾನ ಹತ್ತೊಂಬತ್ತು ತಾಟು

ನನ್ನ ಬಾಯಿ ಒಳ್ಳೆಯದಲ್ಲ. ಊರವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಔರಾದ ಶಹಾಜನಿಯಿಂದ ಟಮಟಮ್ ಹತ್ತಿದರೆ ಅರ್ಧ ಗಂಟೆಗೆ ಸಿಗುವ ನಮ್ಮ ಊರಿನಲ್ಲಿ ಈ ಬಂಡಮ್ಮ ಜಗಳವಾಡದ ಮನೆ ಯಾವುದೆಂದು ಹುಡುಕಬೇಕು. ನಮ್ಮ ಕುರಿ ಹಿತ್ತಲು ಹೊಕ್ಕಿತೆಂದು ಕಿರಾಣಿ ಅಂಗಡಿಯ ಶಿವಗಂಗಾಬಾಯಿ ಏನೋ ಅಂದಳು, ನಾನು ಅವಳ ಏಳು ತಲೆಮಾರು ತೆಗೆದೆ. ಟ್ಯಾಂಕರಿನ ಸಾಲಿನಲ್ಲಿ ಕೊಡ ಮುಂದೆ ಸರಿಸಿದಳೆಂದು ಪಕ್ಕದ ಮನೆಯ ಕುಸುಮಬಾಯಿಯ ಕೊಡವನ್ನು ಒದ್ದೆ. ಗಂಡ ವೈಜಿನಾಥ ಮನೆಯಲ್ಲಿದ್ದಾಗ ಇದರಿಂದ ನನಗೆ ಏನೂ ಕಡಿಮೆಯಾಗಿರಲಿಲ್ಲ. ಸಿಟ್ಟು ಬಂದರೆ ಅವನನ್ನು ಬೈಯುತ್ತಿದ್ದೆ, ಅವನು ಎಲೆ ಅಡಿಕೆ ಹಾಕಿಕೊಂಡು ಕೇಳುತ್ತಿದ್ದ.

ಆ ವರ್ಷ ಮಳೆ ಎರಡನೆಯ ಸಲ ಕೈಕೊಟ್ಟಿತು. ದೀಪಾವಳಿಗೂ ಮುಂಚೆಯೇ ವೈಜಿನಾಥ ಎಂಬತ್ತು ಕುರಿ ಹೊಡೆದುಕೊಂಡು ನಿಜಾಮಾಬಾದ್ ಕಡೆ ನಡೆದ. ಪ್ರತಿಸಲ ನಾನೂ ಹಿಂಡಿನ ಹಿಂದೆ ಹೋಗುವವಳೇ. ಆದರೆ ಬಾವಿಯ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಮುರಿದುಕೊಂಡಿದ್ದೆ. ಹಟ್ಟಿಯ ಉಳಿದ ನಾಯಿಗಳೆಲ್ಲ ಕುರಿಯ ಜೊತೆ ಹೋದವು. ಮೋತ್ಯಾ ಒಬ್ಬನೇ ಉಳಿದ. ತೋಳದ ಜೊತೆ ಕಾದಾಡಿ ಅವನ ಹಿಂಗಾಲು ಹಾಳಾಗಿತ್ತು.

"ಇಬ್ಬರೂ ಕುಂಟರು. ಜೋಡಿ ಛಲೋ ಅದ," ಎಂದು ನನ್ನ ಗಂಡ ನಕ್ಕು ಹೋದ.

ಅವನು ಹೋದ ಮೇಲೆ ನನ್ನ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ. ಟ್ಯಾಂಕರಿಗೆ ಹೋಗುವ ಹೆಂಗಸರು ನನ್ನ ಬಾಗಿಲ ಮುಂದೆಯೇ ಹಾಯುತ್ತಿದ್ದರು, ನಗುತ್ತ ಬರುವವರು ನನ್ನ ಮನೆ ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ನನಗೇನು ದರಕಾರು ಎಂದುಕೊಂಡೆ. ಒಂದು ಸಂಜೆ ಮೋತ್ಯಾನನ್ನು ಕರೆಯಹೋದರೆ ಸ್ವರವೇ ಹೊರಡಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂದು ಆಗ ನೆನಪಾಯಿತು. ಅಂದಿನಿಂದ ಎಲ್ಲವನ್ನೂ ಅವನಿಗೇ ಹೇಳತೊಡಗಿದೆ. ರೊಟ್ಟಿ ಸೀದದ್ದು, ಕಾಲು ನೋಯುವುದು, ಶಿವಗಂಗಾಬಾಯಿ ಹೊಸ ಸೀರೆ ಉಟ್ಟದ್ದು. ಅವನು ಕಿವಿ ನಿಮಿರಿಸಿ ಕೇಳುತ್ತಿದ್ದ. ಅವನಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು, ಇದರಲ್ಲಿ ಸುಳ್ಳಿಲ್ಲ.

ಹಾಗಿರುವಾಗ ಚಟ್ಟಿ ಬಂತು. ಚಂಪಾಷಷ್ಠಿಗೆ ನಾವು ಚಟ್ಟಿ ಎನ್ನುತ್ತೇವೆ, ಅದು ಖಂಡೋಬಾನ ಹಬ್ಬ. ಚಾತುರ್ಮಾಸಕ್ಕೆಂದು ಬಿಟ್ಟಿದ್ದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬದನೆಕಾಯಿಯನ್ನು ಅಂದು ಮತ್ತೆ ತಿನ್ನಲು ಹಿಡಿಯುವುದು. ಬದನೆಕಾಯಿ ಸುಟ್ಟು, ಉಳ್ಳಾಗಡ್ಡಿ ಬಳ್ಳೊಳ್ಳಿ ಕಲಸಿ ಭರೀತ ಮಾಡಿ, ಸಜ್ಜೆಯ ದಪ್ಪ ರೊಟ್ಟಿಯ ಜೊತೆ ದೇವರಿಗೆ ಎಡೆ ಹಿಡಿದು, ಮೊದಲ ತುತ್ತು ನಾಯಿಗೆ. ನಾಯಿ ಖಂಡೋಬಾನದು. ಅದು ತಿಂದರೆ ದೇವರು ತಿಂದ ಹಾಗೆ, ಮೂಸಿ ಬಿಟ್ಟರೆ ಆ ಮನೆಗೆ ವರ್ಷವಿಡೀ ಚಿಂತೆ.

ಪ್ರತಿವರ್ಷ ಊರಿನ ತುಂಬ ನಾಯಿ. ಆ ವರ್ಷ ಎಲ್ಲಿದ್ದವು? ಕುರುಬರವು ಕುರಿಯ ಹಿಂದೆ ಹೋಗಿದ್ದವು. ಬೀದಿಯವು ಕೆಲವು ಸತ್ತವು, ಉಳಿದವು ದನಗಳಿಗೆ ಸರಕಾರ ಹಾಕಿದ್ದ ಮೇವಿನ ಕ್ಯಾಂಪಿನ ಕಡೆಗೆ ಹೋದವು. ಇಡೀ ಊರಿಗೆ ಮೋತ್ಯಾ ಒಬ್ಬನೇ ನಾಯಿ.

ಬೆಳಿಗ್ಗೆ ಹತ್ತು ಗಂಟೆಗೆ ಕುಸುಮಬಾಯಿ ತಾಟು ಹಿಡಿದು ನನ್ನ ಅಂಗಳದಲ್ಲಿ ನಿಂತಿದ್ದಳು. ಹಣೆಗೆ ಅರಿಶಿನದ ಭಂಡಾರ, ಮುಖದಲ್ಲಿ ಸಂಕೋಚ.

"ಬಂಡಮ್ಮ ಅಕ್ಕಾ, ಮೋತ್ಯಾ ಇದ್ದಾನೇನ?"

ಅಕ್ಕಾ ಎಂಬ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಒಳಗೆ ಕರೆದೆ, ಚಾಪೆ ಹಾಸಿದೆ. ಮೋತ್ಯಾ ಗಬಗಬ ತಿಂದ. ಬರಗಾಲದ ನಾಯಿ, ತಿನ್ನದೆ ಏನು ಮಾಡುತ್ತದೆ? ಕುಸುಮಬಾಯಿ ಕೈಮುಗಿದು, ನನ್ನ ಕಾಲು ಹೇಗಿದೆ ಎಂದು ಕೇಳಿದಳು. ಅವಳು ಹೋಗುವಷ್ಟರಲ್ಲಿ ಇಬ್ಬರು ಬಂದರು. ಆಮೇಲೆ ನಾಲ್ವರು. ನನ್ನ ಅಂಗಳ ಮದುವೆಮನೆಯಾಯಿತು. ಒಬ್ಬಳು ನನ್ನ ಪಾತ್ರೆ ತೊಳೆದಿಟ್ಟಳು, ಇನ್ನೊಬ್ಬಳು ತಲೆ ಬಾಚಿದಳು. ಶಿವಗಂಗಾಬಾಯಿ ಕೂಡ ಬಂದಳು. ಹಿತ್ತಲಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಬದನಿಕಾಯಿ ಸಿಗಲೇ ಇಲ್ಲ ನೋಡವ್ವ. ಉಳ್ಳಾಗಡ್ಡಿನೇ ಜಾಸ್ತಿ ಹಾಕೀನಿ," ಎಂದಳು.

ಎಲ್ಲರದೂ ಅದೇ ಕಥೆ. ನೀರಿಲ್ಲದೆ ಬದನೆಗಿಡ ಒಣಗಿದ್ದವು. ಹೆಸರಿಗೆ ಭರೀತ, ತುಂಬ ಉಳ್ಳಾಗಡ್ಡಿ.

ಏಳೆಂಟು ತಾಟಿನ ನಂತರ ಮೋತ್ಯಾ ಮುಖ ತಿರುಗಿಸಿದ. ತಾಟು ಹಿಡಿದು ನಿಂತವಳ ಮುಖ ಬಿಳಿಚಿಕೊಂಡಿತು. "ನಮ್ಮನಿದು ತಿನ್ಲತ್ತಿಲ್ಲಲ್ಲ," ಎಂದಳು. ಹಿಂದೆ ಇದ್ದವರು ಗುಸುಗುಸು ಮಾಡತೊಡಗಿದರು. ಮೋತ್ಯಾ ತಿನ್ನದಿದ್ದರೆ ಇವರೆಲ್ಲ ತಾಟು ಎತ್ತಿಕೊಂಡು ಹೋಗುತ್ತಾರೆ, ಅಂಗಳ ಮತ್ತೆ ಬರಿದಾಗುತ್ತದೆ. ನನಗೆ ಆಗ ಹೊಳೆದದ್ದು ಅದೊಂದೇ. ದೇವರ ಭಯವಲ್ಲ. ಮೋತ್ಯಾನನ್ನು ತೊಡೆಯ ಮೇಲೆಳೆದುಕೊಂಡೆ, ತುತ್ತು ಕಲಸಿದೆ, ದವಡೆ ಬಿಡಿಸಿ ಒಳಗಿಟ್ಟೆ.

"ತಿನ್ನಪ್ಪ, ನನ್ನ ರಾಜಾ. ಮಂದಿ ನಿಂತಾರ ನೋಡು."

ಅವನು ನನ್ನನ್ನು ನೋಡುತ್ತ ನುಂಗಿದ. ನಾನು ಕೊಟ್ಟದ್ದನ್ನು ಅವನು ಒಮ್ಮೆಯೂ ಉಗುಳಿದವನಲ್ಲ. ಹೀಗೆ ಹತ್ತೊಂಬತ್ತು ಮನೆಯ ತಾಟು ಮುಗಿದವು. ಎಣಿಸಿದವಳು ನಾನೇ, ಹೆಮ್ಮೆಯಿಂದ.

ಎರಡು ದಿನ ಏನೂ ಗೊತ್ತಾಗಲಿಲ್ಲ. ಮೂರನೆಯ ದಿನ ಅವನು ಎದ್ದು ನಿಲ್ಲಲಾರದಾದ. ಉಚ್ಚೆ ಕರಿ ಚಹಾದ ಬಣ್ಣಕ್ಕೆ ತಿರುಗಿತ್ತು. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಗೋಡೆ. ಕುಸುಮಬಾಯಿಯ ಗಂಡ ಬಕ್ಕಪ್ಪನ ಕೈಕಾಲು ಹಿಡಿದು, ಮೋತ್ಯಾನನ್ನು ಚೀಲದಲ್ಲಿ ಮಲಗಿಸಿ ಟಮಟಮ್‌ನಲ್ಲಿ ಔರಾದಕ್ಕೆ ಒಯ್ದೆವು. ದನದ ಡಾಕ್ಟರು ಅವನ ಕಣ್ಣು ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು.

"ಏನ್ ತಿಂದದ ಇದು?"

"ಚಟ್ಟಿ ಎಡಿರಿ. ಭರೀತ, ರೊಟ್ಟಿ."

"ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗಿ ವಿಷ. ಹಸಿದೂ ಅಷ್ಟೇ, ಬೇಯಿಸಿದ್ದೂ ಅಷ್ಟೇ. ಒಳಗ ರಕ್ತ ಒಡೀತದ."

ನನಗೆ ಸಿಟ್ಟು ಬಂತು. "ನಮ್ಮಜ್ಜನ ಕಾಲದಿಂದ ಹಾಕ್ಲತ್ತೇವ್ರಿ. ಒಂದೂ ಸತ್ತಿಲ್ಲ."

"ಇಪ್ಪತ್ತು ನಾಯಿ ಹಂಚಿಕೊಂಡು ತುತ್ತು ತುತ್ತು ತಿಂದ್ರ ಯಾಕ್ ಸಾಯ್ತಾವ? ಇದು ಒಂದೇ ಎಷ್ಟು ತಿಂದದ?"

ನಾನು ಮೋತ್ಯಾನ ಬೆನ್ನು ಸವರತೊಡಗಿದೆ. ಅವರು ಸೂಜಿ ಹಾಕುತ್ತ ಮತ್ತೆ ಕೇಳಿದರು. "ಹೊಟ್ಟಿ ತುಂಬಿದ ನಾಯಿ ತಾನಾಗಿ ಇಷ್ಟು ತಿನ್ನಂಗಿಲ್ಲ. ಯಾರರೆ ತಿನಿಸಿರೇನು?"

"ಇಲ್ರಿ. ತಾನೇ ತಿಂದದ," ಎಂದೆ.

ಮೋತ್ಯಾ ಮೇಜಿನ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದ. ಜೀವಮಾನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಇದರಷ್ಟು ಹೊಲಸು ಸುಳ್ಳು ಇನ್ನೊಂದಿಲ್ಲ.

ಆರನೆಯ ದಿನ ಬಿಸಿಲೇರುವ ಹೊತ್ತಿಗೆ ಅವನು ಹೋದ. ಬೆರಳಲ್ಲಿ ಅದ್ದಿ ನೀರು ಕುಡಿಸುತ್ತಿದ್ದೆ. ಬೆರಳು ಕಂಡಕೂಡಲೇ ಬಾಯಿ ತೆರೆದ, ನೀರು ಹೊರಗೇ ಹರಿಯಿತು. ನನಗೆ ಅಳು ತಡೆಯಲಾಗಲಿಲ್ಲ.

ಬಕ್ಕಪ್ಪ ಕಲ್ಲಾಗಿದ್ದ ನೆಲವನ್ನು ಹಾರೆಯಿಂದ ಒಡೆದು ಬೇವಿನ ಬುಡದಲ್ಲಿ ಕುಣಿ ತೋಡಿದ. ಹೆಂಗಸರು ಬಂದು ಭಂಡಾರ ಎರಚಿದರು.

"ಪುಣ್ಯವಂತ ನಾಯಿ. ಖಂಡೋಬಾ ತನ್ನ ನಾಯಿ ತಾನೇ ಕರ್ಕೊಂಡ," ಎಂದಳು ಶಿವಗಂಗಾಬಾಯಿ.

ಆ ಮಾತು ನನಗೆ ಕೆಂಡ ತುಳಿದಂತಾಯಿತು.

"ಖಂಡೋಬಾ ಏನೂ ಒಯ್ದಿಲ್ಲ. ನಾ ಕೊಂದೀನಿ," ಎಂದೆ. "ಡಾಕ್ಟರ್ ಮುಂದ ಸುಳ್ಳು ಹೇಳೀನಿ. ಅದಕ್ಕ ಸಾಕಾಗಿತ್ತು. ಮುಖ ತಿರುವಿತ್ತು. ನಾನೇ ದವಡಿ ಬಿಡಿಸಿ ತುರುಕೀನಿ."

"ನಮ್ಮ ಎಡಿ ವ್ಯರ್ಥ ಆಗ್ಬಾರದಂತ ಮಾಡಿದಿ. ನಿಂದೇನು ತಪ್ಪು?" ಎಂದಳು ಶಿವಗಂಗಾಬಾಯಿ.

"ನಿಮ್ಮ ಎಡಿ ಸುಟ್ಟು ಹೋಗ್ಲಿ. ನೀವು ಎದ್ದು ಹೋಗ್ತೀರಂತ ಮಾಡಿದೆ. ಮಂದಿ ಇನ್ನೊಂದು ತಾಸು ಕೂತಿರಲಿ ಅಂತ."

ಬಕ್ಕಪ್ಪ ಮಣ್ಣು ಎಳೆಯುವುದನ್ನು ನಿಲ್ಲಿಸಿದ. ಕುಸುಮಬಾಯಿ ನನ್ನ ಪಕ್ಕಕ್ಕೆ ಬಂದು ಕುಳಿತಳು.

"ಇಷ್ಟಕ್ಕ ನಾಯಿ ಯಾಕ್ ಬೇಕಿತ್ತ ಅಕ್ಕಾ? ಬರ್ರಿ ಅಂತ ಕರ್ದಿದ್ರ ನಾವು ಬರ್ತಿದ್ದಿಲ್ಲೇನು?"

ನಾನು ಅವಳ ಮುಖ ನೋಡಿದೆ. ಬೈಯಬೇಕೆನಿಸಲಿಲ್ಲ.

"ಬರ್ತಿದ್ದಿಲ್ಲ," ಎಂದೆ.

ಅವಳು ತಲೆ ತಗ್ಗಿಸಿ, ಒಂದು ಹಿಡಿ ಮಣ್ಣು ತೆಗೆದುಕೊಂಡು ಕುಣಿಗೆ ಹಾಕಿದಳು.